ಗಿರಾಕಿ ಹೆಸರೆಲ್ಲ ಪ್ರಶ್ನೆ ಚಿಹ್ನೆಯಾದಾಗ

ಮಡಿಕೇರಿಯ ನಮ್ಮ ಕಾಫಿ ರಫ್ತು ಆಫೀಸಿನ ಡೇಟಾಬೇಸ್ ಸಾಫ್ಟ್‌ವೇರ್ ತುಂಬಾ ಹಳೇದು, ಎಲ್ಲ ಭಾಷೆಯ ಅಕ್ಷರಗಳನ್ನೂ ಒಂದೇ ಪಟ್ಟಿಯಲ್ಲಿ ಇಡುವ ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಜಪಾನಿನ ಗಿರಾಕಿಯ ಹೆಸರು ಪೇಸ್ಟ್ ಮಾಡಿದರೆ ಬರೀ '????'. ಫಾಂಟ್ ಬದಲಿಸುತ್ತಾ ಒಂದು ದಿನ ಸುಮ್ನೆ ಹಾಳಾಯಿತು. ತಪ್ಪಿದ್ದದ್ದು ಕೋಡ್ ಪೇಜ್, ಅಂದರೆ ಇಂಥ ಹಳೇ ಪ್ರೋಗ್ರಾಂಗಳು ಯಾವ ಭಾಷೆಯ ಅಕ್ಷರ ಬಳಸಬೇಕು ಅಂತ ಹೇಳುವ, ನಂಬರ್ ಇರುವ ಪಟ್ಟಿ.

ವಿಂಡೋಸ್ ಕಂಟ್ರೋಲ್ ಪ್ಯಾನಲ್‌ನ ರೀಜನ್‌ಗೆ ಹೋಗಿ, ಯೂನಿಕೋಡ್ ಅಲ್ಲದ ಪ್ರೋಗ್ರಾಂಗಳ ಭಾಷೆಯನ್ನು ಜಪಾನೀಸ್ ಮಾಡಿ ರೀಸ್ಟಾರ್ಟ್ ಮಾಡಿದೆ. ಕೋಡ್ ಪೇಜ್ 1252 (ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳದ್ದು) ಹೋಗಿ 932 (ಜಪಾನೀಸ್‌ದು) ಬಂತು, ಹೆಸರು ಸರಿಯಾಗಿ ಕೂತಿತು. ಫೈಲ್ ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬದಲು ಯೆನ್ ಚಿಹ್ನೆ ಕಂಡು ಗಾಬರಿಯಾಯಿತು. ಅದು ನೋಟಕ್ಕೆ ಮಾತ್ರ, ಕೆಲಸಕ್ಕೇನೂ ತೊಂದರೆಯಿಲ್ಲ.

ಚೀನಾದವರಿಗೆ 936 ಬೇಕು. ಒಂದು ಸಲಕ್ಕೆ ಒಂದೇ ಕೋಡ್ ಪೇಜ್ ಅಲ್ವಾ? ಅವರಿಗೆ ಬೇರೆ ಕಂಪ್ಯೂಟರ್, ಬೇರೆ ಫೈಲ್. ಹಳೇ ಪ್ರಶ್ನೆ ಚಿಹ್ನೆಗಳು ವಾಪಸ್ ಅಕ್ಷರವಾಗಲಿಲ್ಲ, ಸೇವ್ ಆಗುವಾಗಲೇ ಹೋಗಿದ್ದವು. ಮಳೆಗೆ ಕರೆಂಟ್ ಹೋಗಿ ಬಂದು ಮಾಡುವ ಮಧ್ಯೆ, ಹಳೇ ಇಮೇಲ್ ನೋಡಿ 40 ಹೆಸರು ಮತ್ತೆ ತುಂಬಿಸಿದೆ.