ನೀರಿನ ದರ ಫಿಕ್ಸ್ ಮಾಡೋ ಕೆಲಸ: ಪರ್ಸೆಂಟಿಗಿಂತ ಪೈಪಿನ ಲೆಕ್ಕನೇ ದೊಡ್ಡದು

ನೀರು, ಒಳಚರಂಡಿ ಕಂಪನಿಗಳ ದರ ಅರ್ಜಿ ಪರಿಶೀಲಿಸೋ ಆಯೋಗದ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡಿದೀನಿ. ಹೊರಗಿನವರು ಕೇಳೋ ಪ್ರಶ್ನೆ ಒಂದೇ, "ಕಂಪನಿಗೆ ಎಷ್ಟು ಪರ್ಸೆಂಟ್ ಲಾಭ ಕೊಟ್ರಿ?" ಹಿಯರಿಂಗ್‌ನಲ್ಲೂ ಗಲಾಟೆ ಅದರದ್ದೇ, ಎರಡೂ ಕಡೆ ಎಕ್ಸ್‌ಪರ್ಟ್‌ಗಳು ಬಂದು ಅರ್ಧ ಪರ್ಸೆಂಟಿಗೆ ದಿನಗಟ್ಟಲೆ ವಾದ ಮಾಡ್ತಾರೆ. ನಾನು ಮಾತ್ರ ಫೈಲ್ ಬಂದ ತಕ್ಷಣ ಆಸ್ತಿ ಪಟ್ಟಿ ಹುಡುಕ್ತಿದ್ದೆ.

ಯಾಕೆ ಅಂದ್ರೆ ಸೂತ್ರನೇ ಹಾಗಿದೆ. ನಡೆಸೋ ಖರ್ಚು, ಅಂದ್ರೆ ಕರೆಂಟು ಕೆಮಿಕಲ್ಸ್ ಸಂಬಳ ರಿಪೇರಿ, ಆಮೇಲೆ ಸವಕಳಿ (ಪೈಪು ಪಂಪು ಹಳತಾಗ್ತಾ ವರ್ಷಾವರ್ಷ ಕಳೆಯೋ ಬೆಲೆ), ತೆರಿಗೆ, ಇವೆಲ್ಲ ಎಷ್ಟಿದ್ಯೋ ಅಷ್ಟೇ ಬಿಲ್ಲಿಗೆ ಸೇರ್ತವೆ, ಅದರ ಮೇಲೆ ಲಾಭ ಇಲ್ಲ. ಲಾಭ ಸಿಗೋದು ಮಾಲೀಕರು ಹೂಡಿ ಇನ್ನೂ ವಾಪಸ್ ಬಂದಿರದ ಬಂಡವಾಳದ ಮೇಲೆ ಮಾತ್ರ, ಅದನ್ನ ರೇಟ್ ಬೇಸ್ ಅಂತೀವಿ. ಸುಮ್ನೆ ಲೆಕ್ಕಕ್ಕೆ, ರೇಟ್ ಬೇಸ್ 1000, ರಿಟರ್ನ್ 8 ಪರ್ಸೆಂಟ್ ಅಂದ್ರೆ 80, ಖರ್ಚು 150, ಸವಕಳಿ 40, ತೆರಿಗೆ 10, ಒಟ್ಟು 280 ಜನರಿಂದ ವಸೂಲಾಗ್ಬೇಕು. ಈಗ ಜಗಳ ಆಡಿ ರಿಟರ್ನ್ 7.5ಕ್ಕೆ ಇಳಿಸಿದ್ರಿ ಅಂದ್ಕೊಳಿ, ಉಳಿದದ್ದು ಬರೀ 5. ಅದೇ ಆ 1000ದಲ್ಲಿ 300 ಕಂಪನಿ ದುಡ್ಡೇ ಅಲ್ಲ ಅಂತ ಪತ್ತೆಯಾದ್ರೆ ರಿಟರ್ನಲ್ಲಿ 24 ಹೋಯ್ತು, ಅದರ ಪಾಲಿನ ಸವಕಳಿ ಒಂದು 12 ಹೋಯ್ತು, ಒಟ್ಟು 36.

ಈ "ಕಂಪನಿ ದುಡ್ಡಲ್ಲ" ಅನ್ನೋದು ಸಿಕ್ಕಾಪಟ್ಟೆ ಇರತ್ತೆ. ಬಡಾವಣೆ ಮಾಡಿದವರು ಪೈಪ್ ಹಾಕಿಸಿ ಪುಕ್ಕಟೆ ಬಿಟ್ಟುಕೊಟ್ಟಿರ್ತಾರೆ, ಮನೆಯವರು ಕನೆಕ್ಷನ್ ಚಾರ್ಜ್ ಕಟ್ಟಿರ್ತಾರೆ. ಆ ಪೈಪಿಗೆ ಜನ ಒಂದ್ಸಲ ದುಡ್ಡು ಕೊಟ್ಟಾಗಿದೆ, ಅದರ ಮೇಲೆ ಮತ್ತೆ ಲಾಭ ಯಾಕೆ ಕೊಡ್ಬೇಕು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇದು ಸರಿಯಾಗಿ ಬರೆದಿರಲ್ಲ, ಸಣ್ಣ ಕಂಪನಿಗಳಲ್ಲಂತೂ ಕೇಳೋದೇ ಬೇಡ. ಅದಕ್ಕೆ ನಾನು ಕನೆಕ್ಷನ್ ಸಂಖ್ಯೆಯನ್ನ ಆಯಾ ಕಾಲದ ಚಾರ್ಜಿಗೆ ಗುಣಿಸಿ ಲೆಡ್ಜರ್ ಜೊತೆ ತಾಳೆ ನೋಡ್ತಿದ್ದೆ, ಡೆವಲಪರ್ ಜೊತೆಗಿನ ಹಳೇ ಅಗ್ರಿಮೆಂಟ್ ಕೇಳ್ತಿದ್ದೆ, ಡೆವಲಪರ್ರೇ ಕಂಪನಿ ಮಾಲೀಕರಾಗಿದ್ರೆ ಹಳೇ ಟ್ಯಾಕ್ಸ್ ರಿಟರ್ನೂ ಬೇಕು, ಯಾಕಂದ್ರೆ ಪೈಪಿನ ಖರ್ಚನ್ನ ಸೈಟ್ ಮಾರಾಟದ ಖರ್ಚಲ್ಲೇ ತೋರಿಸಿ ತೆರಿಗೆ ಉಳಿಸಿಕೊಂಡಿದ್ರೆ ಅದು ಸೈಟ್ ಕೊಂಡವರ ತಲೆಗೆ ಆಗ್ಲೇ ಬಿದ್ದಿದೆ ಅಂತ ಅರ್ಥ.

ಆಸ್ತಿಗೆ ಯಾವ ಬೆಲೆ ಹಿಡೀಬೇಕು, ಕಟ್ಟಿದಾಗ ಆದ ಖರ್ಚೋ ಈಗಿನ ಬೆಲೆನೋ, ಅನ್ನೋದು ಇನ್ನೊಂದು ಹಳೇ ತಕರಾರು. ಅಮೆರಿಕದ ಸುಪ್ರೀಂ ಕೋರ್ಟ್ 1898ರಲ್ಲಿ "ನ್ಯಾಯಯುತ ಮೌಲ್ಯ" ನೋಡಿ ಅಂತು. 1923ರ ಬ್ಲೂಫೀಲ್ಡ್ ಕೇಸು ನೀರಿನ ಕಂಪನಿಯದ್ದೇ, ಅಷ್ಟೇ ರಿಸ್ಕಿರೋ ಬೇರೆ ಬಿಸಿನೆಸ್‌ನಲ್ಲಿ ಸಿಗೋವಷ್ಟು ರಿಟರ್ನ್ ಸಿಗ್ಬೇಕು ಅಂತ ಅದರಲ್ಲಿ ಬಂತು. ಕೊನೆಗೆ 1944ರ ಹೋಪ್ ಕೇಸಿನಲ್ಲಿ ಲೆಕ್ಕದ ವಿಧಾನ ಯಾವ್ದೇ ಇರ್ಲಿ ಅಂತಿಮ ಫಲಿತಾಂಶ ನ್ಯಾಯವಾಗಿದ್ಯಾ ನೋಡಿ ಅಂತ ಹೇಳಿದ್ಮೇಲೆ, ಮೂಲ ವೆಚ್ಚದಲ್ಲಿ ಸವಕಳಿ ಕಳೆಯೋ ಪದ್ಧತಿ ಅಲ್ಲಿ ಗಟ್ಟಿಯಾಯ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1989ರಲ್ಲಿ ಖಾಸಗೀಕರಣ ಮಾಡಿದಾಗ, ಪೈಪೆಲ್ಲಾ ಹೊಸದಾಗಿ ಹಾಕಿದ್ರೆ ಎಷ್ಟಾಗತ್ತೆ ಅನ್ನೋದನ್ನ ಹಿಡೀಲಿಲ್ಲ, ಷೇರು ಮಾರುಕಟ್ಟೆ ಕಂಪನಿಗಳಿಗೆ ಕಟ್ಟಿದ ಬೆಲೆಯಿಂದ ಬಂಡವಾಳದ ಲೆಕ್ಕ ಶುರು ಮಾಡಿದ್ರು. ಹೊಸದಾಗಿ ಹಾಕೋ ಬೆಲೆ ಹಿಡಿದಿದ್ರೆ ಬಿಲ್ಲು ಎಲ್ಲಿಗೆ ಹೋಗ್ತಿತ್ತೋ!

ಆಮೇಲೆ, ಕಟ್ಟಿದ್ದೆಲ್ಲಾ ಬಳಕೆಯಲ್ಲಿದ್ಯಾ? 2000 ಮನೆಗೆ ಅಂತ ಕಟ್ಟಿದ ಪ್ಲಾಂಟಿಗೆ 600 ಮನೆ ಸೇರಿದ್ರೆ ಇಡೀ ಭಾರ ಆ 600ರ ಮೇಲೆ ಹಾಕೋಕಾಗಲ್ಲ. ಹಾಗಂತ 30 ಪರ್ಸೆಂಟ್ ಮಾತ್ರ ಬಳಕೆಯಲ್ಲಿದೆ ಅಂತ ಕಣ್ಮುಚ್ಚಿ ಉಳಿದದ್ದನ್ನ ಕತ್ತರಿಸೋದೂ ತಪ್ಪು, ಪೀಕ್ ದಿನದ ಬೇಡಿಕೆ ಇದೆ, ಬೆಂಕಿ ಆರಿಸೋಕೆ ನೀರು ಇಟ್ಟಿರ್ಬೇಕು, ಮುಂದಿನ ಒಂದಷ್ಟು ವರ್ಷಕ್ಕೆ ಜಾಗ ಬಿಡ್ಬೇಕು. ಇಲ್ಲಿ ಎಂಜಿನಿಯರ್ ಪಕ್ಕದಲ್ಲಿ ಕೂತ್ಕೊಂಡೇ ಲೆಕ್ಕ ಹಾಕ್ಬೇಕು, ಅಕೌಂಟೆಂಟ್ ಒಬ್ಬನೇ ಮಾಡಿದ್ರೆ ಕೆಡತ್ತೆ.

ಖರ್ಚಿನ ಕಡೆ ಕೆಲಸ ಹೆಚ್ಚು ರುಟೀನು. ಒಂದೇ ಸಲ ಬಂದ ದೊಡ್ಡ ರಿಪೇರಿನ ಕೆಲವು ವರ್ಷಕ್ಕೆ ಹಂಚೋದು, ಸೋರಿಕೆ ಮಿತಿಗಿಂತ ಜಾಸ್ತಿ ಇದ್ರೆ ಆ ಹೆಚ್ಚುವರಿ ನೀರಿನ ಕರೆಂಟು ಕೆಮಿಕಲ್ಸ್ ಖರ್ಚು ಕಡಿತ ಮಾಡೋದು, ಹೀಗೆ. ಒಳಚರಂಡೀಲೂ ಮಳೆನೀರು ನುಗ್ಗಿ ಪ್ಲಾಂಟಿಗೆ ಬರೋ ಹರಿವು ಜಾಸ್ತಿ ಆಗಿದ್ರೆ ಅದೇ ರೀತಿ.

ಒಂದು ವಿಚಿತ್ರ ಇದೆ. ದಾನವಾಗಿ ಬಂದ ಪೈಪೆಲ್ಲಾ ಕಳೀತಾ ಹೋದ್ರೆ ಕೆಲವು ಸಣ್ಣ ಕಂಪನಿಗಳ ರೇಟ್ ಬೇಸ್ ಸೊನ್ನೆ ಹತ್ರ ಬರತ್ತೆ. ಆಗ ಲಾಭನೂ ಸೊನ್ನೆ, ಪಂಪ್ ಕೆಟ್ರೆ ಬದಲಾಯಿಸೋಕೆ ಕೈಯಲ್ಲಿ ದುಡ್ಡಿರಲ್ಲ, ಬ್ಯಾಂಕೂ ಸಾಲ ಕೊಡಲ್ಲ. ಇಂಥ ಕಡೆ ಖರ್ಚಿನ ಮೇಲೇನೇ ಒಂದು ಸಣ್ಣ ಮಾರ್ಜಿನ್ ಕೊಡೋ ವಿಧಾನ ಇದೆ. ಖರ್ಚು ಉಬ್ಬಿಸ್ತಾರೆ ಅಂತ ವಿರೋಧ ಮಾಡೋರಿದಾರೆ, ನಾನು ಅದರ ಪರ, ಖರ್ಚನ್ನ ವೋಚರ್ ಮಟ್ಟಕ್ಕೆ ಇಳಿದು ನೋಡೋದಾದ್ರೆ.

ಒಟ್ಟು ಮೊತ್ತ ಸಿಕ್ಕಿದ್ಮೇಲೆ ಹಂಚೋ ಕೆಲಸ. ಅಮೆರಿಕದಲ್ಲಿ ನಿಗದಿತ ಶುಲ್ಕವನ್ನ ಹೆಚ್ಚಾಗಿ ಮೀಟರ್ ಸೈಜಿನ ಮೇಲೆ ಹಾಕ್ತಾರೆ, ಮನೆಯ 5/8 ಇಂಚಿನ ಮೀಟರಿಗೆ ಶುಲ್ಕ 1 ಅಂದ್ರೆ 1 ಇಂಚಿಗೆ 2.5, 2 ಇಂಚಿಗೆ 8. ಚರಂಡಿಗೆ ಮನೆಮನೆಗೆ ಮೀಟರ್ ಇರಲ್ಲ, ನೀರಿನ ಮೀಟರ್ ನೋಡೇ ಬಿಲ್ ಮಾಡ್ಬೇಕು, ಆದ್ರೆ ಗಿಡಕ್ಕೆ ಹಾಕಿದ ನೀರು ಚರಂಡಿಗೆ ಹೋಗಲ್ವಲ್ಲ, ಅದಕ್ಕೆ ಇಷ್ಟು ಬಳಕೆ ಮೀರಿದ್ರೆ ಚಾರ್ಜ್ ಇಲ್ಲ ಅಂತ ಮಿತಿ ಇಡ್ತಾರೆ, ಇಲ್ಲಾ ಗಿಡಕ್ಕೆ ಹೆಚ್ಚು ನೀರು ಹಾಕದ ಚಳಿಗಾಲದ ಸರಾಸರಿ ಹಿಡೀತಾರೆ. ಇನ್ನು ದರ ಏರಿದ್ರೆ ಜನ ಬಳಕೆ ಕಮ್ಮಿ ಮಾಡ್ತಾರೆ, ಕುಡಿಯೋದು ಅಡುಗೆಗೆ ಬಳಸೋದು ಕಮ್ಮಿ ಆಗಲ್ಲ, ತೋಟದ್ದು ಆಗತ್ತೆ. ಆ ಕಮ್ಮಿಯಾಗೋ ಬಳಕೆನ ಮೊದಲೇ ಕಳೆದು, ಉಳಿದ ಲೀಟರ್‌ಗಳಿಂದ ಒಟ್ಟು ಮೊತ್ತನ ಭಾಗಿಸಿ ದರ ಇಡದೇ ಇದ್ರೆ ಕಂಪನಿಗೆ ಮೇಲೆ ಹೇಳಿದ ಆ 280 ಬರಲ್ಲ, ಸ್ವಲ್ಪ ದಿನಕ್ಕೇ ಇನ್ನೊಂದು ಅರ್ಜಿ ಹಿಡ್ಕೊಂಡು ಬರ್ತಾರೆ, ಆ ಅರ್ಜಿಯ ವಕೀಲರ ಫೀಸೂ ಜನರ ಬಿಲ್ಲಿಗೇ ಸೇರತ್ತೆ.