ಎಮ್ಮೆಹೊಂಡಕ್ಕೆ ಅಂಟುವಾಳ ಹಾಕಿದ ನನ್ನ ಅನುಭವ

ನಮ್ಮ ಕೊಟ್ಟಿಗೆಯಲ್ಲಿ ಗೊರಕೆ ಮೊದಲು ಕೇಳಿಸಿದ್ದು ಕೆಂಪಿಯಿಂದ. ರಾತ್ರಿ ಹುಲ್ಲು ಹಾಕಲು ಹೋದರೆ ಮಲಗಿದ ಹಸು ಮನುಷ್ಯರ ಹಾಗೆ ಗೊರ್ ಗೊರ್ ಅನ್ನುತ್ತಿತ್ತು. ನೆಗಡಿ ಇರಬೇಕು ಅಂತ ಒಂದು ವಾರ ಕಷಾಯ ಕುಡಿಸಿದೆವು. ಮೂಗಿನಿಂದ ಇಳಿಯುವ ಸಿಂಬಳ ದಪ್ಪವಾಯಿತು, ಅದರಲ್ಲಿ ರಕ್ತದ ಎಳೆ ಕಂಡಿತು. ಬ್ಯಾಟರಿ ಬಿಟ್ಟು ಹೊಳ್ಳೆಯೊಳಗೆ ನೋಡಿದಾಗ ಹೂಕೋಸಿನ ತುಣುಕಿನಂಥ ಗಂಟುಗಳು. ಹಾಲು ಅರ್ಧಕ್ಕೆ ಇಳಿದಿತ್ತು. ಮೇವು ತಿನ್ನಲು ಬಾಯಿ ಹಾಕಿದರೆ ಉಸಿರು ಸಾಲದೆ ತಲೆ ಎತ್ತುತ್ತಿತ್ತು. ನೋಡುವವರಿಗೆ ಹೊಟ್ಟೆ ಉರಿಯುತ್ತದೆ.

ಪಶುವೈದ್ಯರು ಸಿಂಬಳವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕುಡುಗೋಲಿನ ಹಾಗೆ ಬಾಗಿದ ಮೊಟ್ಟೆಗಳು, ತುದಿಯಲ್ಲಿ ಮುಳ್ಳು. ಹುಳುವಿನ ಹೆಸರು ಸಿಸ್ಟೊಸೋಮಾ ನೇಸಾಲೆ. ದನದ ಮೂಗಿನ ಒಳಪದರದ ರಕ್ತನಾಳಗಳಲ್ಲೇ ಇದರ ಸಂಸಾರ. ಮೊಟ್ಟೆ ಸಿಂಬಳದ ಜತೆ ನೀರಿಗೆ ಬೀಳುತ್ತದೆ, ಅಲ್ಲಿ ಒಡೆದು ಬಂದ ಮರಿ ಬಸವನಹುಳುವಿನ ಮೈ ಹೊಕ್ಕು ಕೆಲವು ವಾರಗಳಲ್ಲಿ ಸಾವಿರಗಟ್ಟಲೆ ಆಗುತ್ತದೆ. ಬಿಸಿಲೇರಿದ ಮೇಲೆ ಬಾಲದ ಮರಿಗಳು ನೀರಿಗೆ ಬಿಡುಗಡೆಯಾಗಿ, ನೀರಿಗಿಳಿದ ದನದ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತವೆ. ನಾಟಿ ಮಾಡುವ ಹೆಂಗಸರ ಕಾಲಿಗೆ ಬರುವ ಕೆಂಪು ಗುಳ್ಳೆ, ವಿಪರೀತ ತುರಿಕೆಗೂ ದನಗಳ ಈ ಜಾತಿಯ ಹುಳುಗಳ ಮರಿ ಕಾರಣವಾಗುವುದುಂಟು ಎಂದು ಅವರು ಹೇಳಿದಾಗ ನನಗೆ ನಮ್ಮ ಕೆಳಗಿನ ಗದ್ದೆ ನೆನಪಾಯಿತು. ಮನುಷ್ಯರ ಚರ್ಮದಲ್ಲಿ ಅವು ಮುಂದೆ ಹೋಗಲಾರದೆ ಸಾಯುತ್ತವಂತೆ. ತುರಿಕೆ ಮಾತ್ರ ನಮ್ಮ ಪಾಲು.

ಕೆಂಪಿಗೆ ಔಷಧಿ ಕೊಟ್ಟೆವು, ಗುಣವಾಯಿತು. ಮುಂದಿನ ವರ್ಷ ಮತ್ತೆ ಬಂತು, ಜತೆಗೆ ಇನ್ನೊಂದು ಹಸುವಿಗೂ. ಆಗ ವೈದ್ಯರು ಕೇಳಿದ ಪ್ರಶ್ನೆ ಒಂದೇ: "ನಿಮ್ಮ ದನ ನೀರು ಕುಡಿಯುವುದೆಲ್ಲಿ?"

ಮನೆಯ ಕೆಳಗೆ, ಗದ್ದೆ ಅಂಚಿನಲ್ಲಿ ಒಂದು ಹೊಂಡವಿದೆ. ಅಜ್ಜನ ಕಾಲದಿಂದ ಅದಕ್ಕೆ ಎಮ್ಮೆಹೊಂಡ ಅಂತಲೇ ಹೆಸರು. ನಮ್ಮೆರಡು ಎಮ್ಮೆಗಳು ಮಧ್ಯಾಹ್ನವೆಲ್ಲ ಅದರಲ್ಲೇ ಮಲಗುತ್ತವೆ, ಹಸುಗಳು ದಡದಲ್ಲಿ ಕಾಲಿಟ್ಟು ಕುಡಿಯುತ್ತವೆ. ಎಮ್ಮೆಗಳಿಗೆ ಗೊರಕೆ ಇರಲಿಲ್ಲ, ಆದ್ದರಿಂದ ಅವುಗಳ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಅವುಗಳ ಸಿಂಬಳ ನೋಡಿದರೆ ಅದೇ ಕುಡುಗೋಲು ಮೊಟ್ಟೆ. ಎಮ್ಮೆ ರೋಗವನ್ನು ತೋರಿಸಿಕೊಳ್ಳದೆ ಹೊತ್ತು ತಿರುಗುತ್ತದೆ, ಹಸು ನರಳುತ್ತದೆ.

ಮಾರನೇ ದಿನ ಹೊಂಡಕ್ಕೆ ಹೋಗಿ ನೀರಲ್ಲಿ ಬಿದ್ದ ಹಲಸಿನೆಲೆ ಮಗುಚಿದೆ. ಎಲೆಯಡಿಗೆ ಐದಾರು ಬಸವನಹುಳು. ಗದ್ದೆಯ ಗೋಪುರದಾಕಾರದ ದೊಡ್ಡ ಹುಳುವಿನಂತಲ್ಲ, ಟಗರಿನ ಕೊಂಬಿನ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡ ಕಂದು ಚಿಪ್ಪು, ಹೆಬ್ಬೆರಳ ಉಗುರಿನಷ್ಟು ಅಗಲ. ಒಂದನ್ನು ಕಲ್ಲಿನ ಮೇಲಿಟ್ಟು ಜಜ್ಜಿದರೆ ಕೆಂಪು ರಕ್ತವೇ ಒಸರಿತು. ಗೊರಕೆಯ ಹುಳುವಿನ ಮರಿ ಹೊಕ್ಕು ಬೆಳೆಯುವ ಬಸವನಹುಳು ಇದೇ, ಹೆಸರು ಇಂಡೋಪ್ಲಾನಾರ್ಬಿಸ್. ಅದನ್ನು ಗುರುತಿಸಲು ಇದು ಸುಲಭದ ಗುರುತು, ನಮ್ಮ ರಕ್ತದಲ್ಲಿರುವ ಹಾಗೆ ಅದರಲ್ಲೂ ಹಿಮೋಗ್ಲೋಬಿನ್ ಇದೆ. ಎಲೆಯ ಹಿಂಬದಿಗೆ ಅಂಟಿದ್ದ ಲೋಳೆಯ ಚಿಕ್ಕ ಬಿಲ್ಲೆಗಳು ಅದರ ಮೊಟ್ಟೆ. ಒಂದೇ ಹುಳು ಗಂಡೂ ಹೌದು, ಹೆಣ್ಣೂ ಹೌದು. ಒಂಟಿಯಾಗಿ ಉಳಿದರೂ ಮೊಟ್ಟೆಯಿಟ್ಟು ಹೊಂಡ ತುಂಬಿಸಬಲ್ಲದು. ಈ ಮಾತು ಮುಂದೆ ನನಗೆ ಚೆನ್ನಾಗಿ ಅರ್ಥವಾಯಿತು.

ಮೊದಲು ತಲೆಗೆ ಬಂದದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ಬೆಳೆಯುವವರ ಮನೆಯಲ್ಲಿ ಕೊಳೆರೋಗಕ್ಕೆಂದು ಅದು ಇದ್ದೇ ಇರುತ್ತದೆ, ಬಸವನಹುಳು ಸಾಯುವುದೂ ನಿಜ. ಆದರೆ ತಾಮ್ರ ಕೆಸರಲ್ಲಿ ಉಳಿದುಬಿಡುತ್ತದೆ. ದನ ಕುಡಿಯುವ ನೀರಿಗೆ ವರ್ಷ ವರ್ಷ ಅದನ್ನು ಸುರಿಯಲು ಮನಸ್ಸು ಒಪ್ಪಲಿಲ್ಲ.

ಇಥಿಯೋಪಿಯಾದ ಕತೆಯನ್ನು ವೈದ್ಯರೇ ಹೇಳಿದರು. 1964ರಲ್ಲಿ ಅಡ್ವಾ ಎಂಬ ಊರಲ್ಲಿ ಅಕ್ಲಿಲು ಲೆಮ್ಮಾ ಎಂಬ ವಿಜ್ಞಾನಿ, ಹೆಂಗಸರು ಬಟ್ಟೆ ಒಗೆಯುವ ಜಾಗದ ಕೆಳಗಡೆ ಬಸವನಹುಳುಗಳು ಸತ್ತು ತೇಲುವುದನ್ನು ಕಂಡರು. ಆ ಹೆಂಗಸರು ಸೋಪಿನ ಬದಲು ಬಳಸುತ್ತಿದ್ದದ್ದು ಎಂಡೋಡ್ ಎಂಬ ಗಿಡದ ಕಾಯಿ. ಅದರಲ್ಲಿರುವ, ನೊರೆ ಬರಿಸುವ ಸಪೋನಿನ್ ಎಂಬ ವಸ್ತು ಹುಳುಗಳನ್ನು ಕೊಂದಿತ್ತು. ಅಲ್ಲಿ ಬಸವನಹುಳು ಮನುಷ್ಯರಿಗೇ ಬಿಲ್ಹಾರ್ಜಿಯಾ ಎಂಬ, ಇದೇ ಬಳಗದ ಹುಳುವಿನ ರೋಗ ಹರಡುತ್ತದೆ, ಹಾಗಾಗಿ ಆ ಕಾಯಿಯ ಮೇಲೆ ಲೆಮ್ಮಾ ದಶಕಗಟ್ಟಲೆ ದುಡಿದರು. ಕತೆ ಕೇಳುತ್ತ ಕುಳಿತಿದ್ದ ನನ್ನ ಅಮ್ಮ, "ನೊರೆ ಬರುವ ಕಾಯಿ ಅಂದರೆ ನಮ್ಮಲ್ಲಿ ಅಂಟುವಾಳ ಇಲ್ಲವೇನೋ" ಅಂದರು. ಅಟ್ಟದ ಮೇಲೆ ಹಿಂದಿನ ವರ್ಷ ಆರಿಸಿಟ್ಟ ಅರ್ಧ ಚೀಲವಿತ್ತು. ಬೆಳ್ಳಿ, ರೇಷ್ಮೆ ಸೀರೆ ತೊಳೆಯಲು ಅವರು ಇವತ್ತಿಗೂ ಅದನ್ನೇ ಬಳಸುವುದು.

ಬೇರೆ ಗಿಡಗಳನ್ನೂ ಯೋಚಿಸಿದೆ. ಮೊಂಡುಗಳ್ಳಿಯ ಹಾಲು ಕೆಲಸ ಮಾಡುತ್ತದೆ, ಆದರೆ ಒಂದು ಹನಿ ಕಣ್ಣಿಗೆ ಹಾರಿದರೆ ಅನಾಹುತ. ಹಳದಿ ಕಣಗಿಲೆಯ ಬೀಜ ದನಕ್ಕೂ ಮನುಷ್ಯರಿಗೂ ಹೃದಯ ನಿಲ್ಲಿಸುವ ವಿಷ, ಅದನ್ನು ಕುಡಿಯುವ ನೀರಿನ ಹತ್ತಿರ ತರಲೇಬಾರದು. ಬೇವಿನ ಸೊಪ್ಪಿನ ಕಷಾಯ ಬಕೆಟ್ಟಿನಲ್ಲಿ ಹಾಕಿ ನೋಡಿದೆ, ಹುಳುಗಳು ಆರಾಮಾಗಿ ಹರಿದಾಡಿಕೊಂಡಿದ್ದವು. ಕೊನೆಗೆ ಅಂಟುವಾಳವೇ ಗಟ್ಟಿಯಾಯಿತು.

ನೇರ ಹೊಂಡಕ್ಕೆ ಸುರಿಯಬೇಡಿ, ಮೊದಲು ಬಕೆಟ್ಟಿನಲ್ಲಿ ನೋಡಿ ಅಂತ ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ನಾಲ್ಕು ಬಕೆಟ್ಟು, ಪ್ರತಿಯೊಂದಕ್ಕೂ ಹತ್ತು ಹುಳು. ಒಂದರಲ್ಲಿ ಬರೀ ನೀರು, ಉಳಿದವುಗಳಲ್ಲಿ ಅಂಟುವಾಳ. ಮರುದಿನ ನೋಡಿದರೆ ನಾಲ್ಕರಲ್ಲೂ ಎಲ್ಲ ಸತ್ತಿದ್ದವು, ಬರೀ ನೀರಿನದರಲ್ಲೂ. ಬಕೆಟ್ಟುಗಳನ್ನು ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಕಲಸಲು ಬಳಸಿದ್ದೆವು, ಅಂಚಿನಲ್ಲಿ ಇನ್ನೂ ತಿಳಿನೀಲಿ ಕಲೆ ಇತ್ತು. ಕೊಂದದ್ದು ತಾಮ್ರ. ಬರೀ ನೀರಿನ ಬಕೆಟ್ಟು ಇಡದೇ ಹೋಗಿದ್ದರೆ ಅಂಟುವಾಳದ ಮಹಿಮೆ ಅಂದುಕೊಂಡು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಎರಡನೇ ಸಲ ಹೊಸ ಬಕೆಟ್ಟು. ಅಂಟುವಾಳದ ಬೀಜ ತೆಗೆದು ಸಿಪ್ಪೆ ಮಾತ್ರ ಎರಡು ಬಿಸಿಲಿಗೆ ಒಣಗಿಸಿ ಕುಟ್ಟಿದೆ. ಕುಟ್ಟುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು, ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ಹತ್ತು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿದೆ. ಆ ನೀರನ್ನು ಹತ್ತು ಮಿಲಿಲೀಟರ್ ತೆಗೆದು ಒಂದು ಲೀಟರಿಗೆ ತುಂಬಿಸಿದರೆ ಲೀಟರಿಗೆ 100 ಮಿಲಿಗ್ರಾಂ ಪುಡಿಯ ಲೆಕ್ಕ. ಐದು ಮಿಲಿಲೀಟರ್ ಹಾಕಿದರೆ 50.

ಬಕೆಟ್ಟಿನ ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ, ಇಲ್ಲವಾದರೆ ಹುಳುಗಳು ಉರಿಗೆ ಅಂಚು ಹತ್ತಿ ಹೊರಗೆ ಹೋಗಿಬಿಡುತ್ತವೆ. ಒಂದು ದಿನ ಕಳೆದ ಮೇಲೆ ಎಲ್ಲವೂ ಚಿಪ್ಪಿನೊಳಗೆ ಸೇರಿ ಸತ್ತ ಹಾಗೆ ಕಾಣುತ್ತಿದ್ದವು. ಇಲ್ಲಿ ಮೋಸಹೋಗಬಾರದು. ಅವನ್ನು ತೊಳೆದು ಒಳ್ಳೆ ನೀರಲ್ಲಿ ಮತ್ತೊಂದು ದಿನ ಇಟ್ಟೆ. 50ರ ಬಕೆಟ್ಟಿನ ನಾಲ್ಕು ಹುಳು ಮೆಲ್ಲಗೆ ಕೊಂಬು ಚಾಚಿ ನಡೆಯತೊಡಗಿದವು. 100ರದ್ದು ಒಂದೂ ಏಳಲಿಲ್ಲ, ಸೂಜಿ ಮುಟ್ಟಿಸಿದರೂ ಮಿಸುಕಲಿಲ್ಲ. ಬರೀ ನೀರಿನ ಹತ್ತೂ ಚುರುಕಾಗಿದ್ದವು.

ಮೀನಿನದೇ ಬೇರೆ ಕತೆ. ಗದ್ದೆ ಕಾಲುವೆಯ ಪುಟ್ಟ ಮೀನುಗಳನ್ನು 50ರ ನೀರಿಗೆ ಬಿಟ್ಟರೆ ಮಧ್ಯಾಹ್ನದೊಳಗೆ ಹೊಟ್ಟೆ ಮೇಲಾಗಿ ತೇಲಿದವು. ಸಪೋನಿನ್ ಮೀನಿನ ಕಿವಿರನ್ನು ಬಸವನಹುಳುವಿಗಿಂತ ಬೇಗ ಹಾಳುಮಾಡುತ್ತದೆ. ಮಲೆನಾಡಲ್ಲಿ ಕಾರೆಕಾಯಿ ಜಜ್ಜಿ ಮೀನು ಹಿಡಿಯುತ್ತಿದ್ದ ಹಿರಿಯರಿಗೆ ಇದು ಹೊಸತೇನಲ್ಲ. ಹಾಗಾಗಿ ಹಳ್ಳ, ಕೆರೆ, ಹರಿಯುವ ಕಾಲುವೆ ಯಾವುದಕ್ಕೂ ಇದನ್ನು ಹಾಕುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಇದನ್ನು ಓದಿ ಮಾಡಹೊರಟವರಲ್ಲಿ ನಾನು ಕೈಮುಗಿದು ಕೇಳುವುದು ಇದೊಂದೇ: ನೀರು ಹೊರಗೆ ಹರಿಯುವ ಜಾಗಕ್ಕೆ ಹಾಕಬೇಡಿ.

ಹಾಕಿದ್ದು ಫೆಬ್ರವರಿ ಕೊನೆಗೆ. ಆಗ ಹೊಂಡದ ನೀರು ಇಳಿದು ಹರಿವು ನಿಂತಿರುತ್ತದೆ, ಹುಳುಗಳೆಲ್ಲ ಸ್ವಲ್ಪ ಜಾಗದಲ್ಲಿ ಒತ್ತಾಗಿರುತ್ತವೆ. ಇನ್ನೂ ತಡಮಾಡಿದರೆ ಅವು ಕೆಸರಿನಾಳಕ್ಕೆ ಇಳಿದು ಮಳೆಯವರೆಗೆ ಸುಪ್ತವಾಗುತ್ತವೆ, ಯಾವ ನೊರೆಯೂ ಅಲ್ಲಿಗೆ ಮುಟ್ಟುವುದಿಲ್ಲ. ಬಿದಿರುಗಳದಲ್ಲಿ ಒಂಬತ್ತು ಕಡೆ ಆಳ ಅಳೆದೆ. ಉದ್ದ 6 ಮೀಟರ್, ಅಗಲ 4, ಆಳ ಸರಾಸರಿ ಅರ್ಧ ಮೀಟರ್. ಅಂದರೆ 12 ಘನ ಮೀಟರ್, 12,000 ಲೀಟರ್. ಲೀಟರಿಗೆ 100 ಮಿಲಿಗ್ರಾಂನಂತೆ 1,200 ಗ್ರಾಂ ಪುಡಿ. ಕಣ್ಣಂದಾಜಿನಲ್ಲಿ ನಾನು ಮೊದಲು ಎರಡೂವರೆ ಕೇಜಿ ಬೇಕು ಅಂದುಕೊಂಡಿದ್ದೆ. ಹಿಂದಿನ ಎರಡು ದಿನ ಬಲೆ ಬೀಸಿ ಸಿಕ್ಕಷ್ಟು ಮೀನು, ಕಪ್ಪೆಮರಿಗಳನ್ನು ಬೇರೆ ನೀರಿಗೆ ಬಿಟ್ಟೆವು, ತರಗೆಲೆ ಬಾಚಿ ತೆಗೆದೆವು. ಸಂಜೆ ಪುಡಿ ನೆನೆಸಿ, ಬೆಳಿಗ್ಗೆ ಸೋಸಿ, ಹೂಕುಂಡಕ್ಕೆ ನೀರುಣಿಸುವ ಝಾರಿಯಲ್ಲಿ ದಡದಿಂದ ನಡುವಿಗೆ ಸಮನಾಗಿ ಸುರಿದೆವು. ನೊರೆ ಇಡೀ ಹೊಂಡ ಬಿಳಿಯಾಗಿಸಿತು. ದನಗಳನ್ನು ಹತ್ತು ದಿನ ಅತ್ತ ಬಿಡಲಿಲ್ಲ. ಸಪೋನಿನ್ ಕೆಲವೇ ದಿನಗಳಲ್ಲಿ ಕೊಳೆತು ಶಕ್ತಿ ಕಳೆದುಕೊಳ್ಳುತ್ತದೆ, ಮೈಲುತುತ್ತಕ್ಕಿಂತ ಇದರ ದೊಡ್ಡ ಗುಣ ಅದು.

ಮೂರನೇ ದಿನ ಖಾಲಿ ಚಿಪ್ಪುಗಳು ತೇಲುತ್ತಿದ್ದವು. ನನಗೆ ಬಹಳ ಸಂತೋಷವಾಯಿತು. ಎರಡು ವಾರಕ್ಕೆ ಹೋಗಿ ಕಲ್ಲು ಮಗುಚಿದರೆ ಸಾಸಿವೆಕಾಳಿನಷ್ಟು ಮರಿಗಳು! ಲೋಳೆಯೊಳಗಿನ ಮೊಟ್ಟೆಗೆ ಅಂಟುವಾಳ ಏನೂ ಮಾಡಿರಲಿಲ್ಲ. ಆ ಮರಿಗಳು ದೊಡ್ಡವಾಗಿ ಮೊಟ್ಟೆಯಿಡುವ ಮೊದಲೇ ಅದೇ ಲೆಕ್ಕದಲ್ಲಿ ಎರಡನೇ ಸಲ ಹಾಕಿದೆ. ಆಗ ನೀರು ಇನ್ನೂ ಇಳಿದಿತ್ತು, 800 ಗ್ರಾಂ ಸಾಕಾಯಿತು. ಮತ್ತೆ ಎರಡು ವಾರಕ್ಕೆ ಹುಡುಕಿದಾಗ ಒಂದೇ ಒಂದು ಹುಳು ಸಿಕ್ಕಿತು. ಒಂದೇ ಸಾಕಲ್ಲ, ಮೊದಲೇ ಹೇಳಿದೆನಲ್ಲ.

ಹೊಂಡದ ಕೆಲಸದ ಜತೆಗೇ ಇನ್ನೆರಡು ಮಾಡಿದೆವು. ಎಮ್ಮೆ ಸೇರಿ ಎಲ್ಲ ದನಕ್ಕೂ ವೈದ್ಯರಿಂದ ಒಟ್ಟಿಗೆ ಔಷಧಿ ಕೊಡಿಸಿದೆವು. ಕೊಟ್ಟಿಗೆ ಪಕ್ಕ ಸಿಮೆಂಟಿನ ಬಾನಿ ಕಟ್ಟಿಸಿ ಹಸುಗಳಿಗೆ ಬಾವಿ ನೀರು ಅಲ್ಲೇ ಸಿಗುವಂತೆ ಮಾಡಿದೆವು. ಇದನ್ನೆಲ್ಲ ಬಿಟ್ಟು ಅಂಟುವಾಳವೊಂದೇ ಗೊರಕೆ ನಿಲ್ಲಿಸಿತು ಅಂದರೆ ಅದು ಸುಳ್ಳಾಗುತ್ತದೆ. ಎಮ್ಮೆಗಳನ್ನು ನೀರಿನಿಂದ ದೂರ ಇಡುವುದಂತೂ ಆಗದ ಮಾತು, ಆದ್ದರಿಂದ ಹೊಂಡವನ್ನೇ ಸರಿಮಾಡುವ ಅಗತ್ಯ ಉಳಿದೇ ಉಳಿಯುತ್ತದೆ.

ಮುಂದಿನ ಮಳೆಗಾಲ ಕೆಂಪಿ ಗೊರಕೆಯಿಲ್ಲದೆ ಕಳೆಯಿತು, ಹಾಲೂ ಹಳೆಯ ಮಟ್ಟಕ್ಕೆ ಬಂತು. ಆದರೆ ಡಿಸೆಂಬರಿನಲ್ಲಿ ಎಲೆ ಮಗುಚಿದರೆ ಟಗರುಕೊಂಬಿನ ಚಿಪ್ಪು ಮತ್ತೆ ಕಂಡಿತು. ಮಳೆಯಲ್ಲಿ ಮೇಲಿನ ಗದ್ದೆಯ ನೀರು ನಮ್ಮ ಹೊಂಡಕ್ಕೇ ಇಳಿಯುತ್ತದೆ, ಅವರ ಅಂಚಿನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ನಾನೊಬ್ಬನೇ ಹಾಕುತ್ತ ಹೋದರೆ ಪ್ರತಿವರ್ಷ ಹೊಸ ಬಿತ್ತನೆಯಾಗುತ್ತಲೇ ಇರುತ್ತದೆ. ಹೋಗಿ ಮಾತಾಡಿದೆ. ಅವರ ಎತ್ತಿಗೂ ಗೊರಕೆ ಹತ್ತಿತ್ತು, ಉಳುವಾಗ ಎರಡು ಸುತ್ತಿಗೇ ನಿಂತುಬಿಡುತ್ತಿತ್ತಂತೆ. ಈ ಸಲ ಎರಡೂ ಹೊಂಡಕ್ಕೆ ಒಂದೇ ದಿನ ಹಾಕುವುದೆಂದು ಮಾತಾಗಿದೆ. ಅವರ ಗುಂಡಿ ಅಳೆದು ಬಂದೆ, 7 ಘನ ಮೀಟರ್, 700 ಗ್ರಾಂ. ಅಮ್ಮ ಜಗಲಿಯಲ್ಲಿ ಬೀಜ ಬಿಡಿಸುತ್ತಿದ್ದಾರೆ.