ಅರ್ಧಕ್ಕೆ ನಿಂತ ಫರ್ಮ್‌ವೇರ್, ಮೌಸ್ ಇಲ್ಲದ ಒಂದು ಸಂಜೆ

ನನ್ನದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್. ವೈರ್‌ಲೆಸ್ ಮೌಸಿನ ರಿಸೀವರನ್ನು ಹಿಂದುಗಡೆಯ ಪೋರ್ಟಿಗೆ ಸಿಕ್ಕಿಸಿ ಮರೆತೇಬಿಟ್ಟಿದ್ದೆ. ಕಳೆದ ಮಳೆಗಾಲದಲ್ಲಿ ಕರ್ಸರ್ ತಡವರಿಸತೊಡಗಿತು. ಎರಡು ಹೆಜ್ಜೆ ನಡೆದು ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಪರದೆಯ ಅಂಚಿಗೆ ಜಿಗಿಯುತ್ತಿತ್ತು. ಸೆಲ್ ಬದಲಾಯಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಅಂಗಡಿಯ ಹುಡುಗ ಫೋನಿನಲ್ಲೇ ತೀರ್ಪು ಕೊಟ್ಟ: "ಹೊಸದು ತಗೊಂಡ್ಬಿಡಿ ಸಾರ್."

ಫರ್ಮ್‌ವೇರೇ, ಅಂದರೆ ಸಾಧನದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶವೇ, ಕೆಟ್ಟಿದೆ ಎಂದು ನನಗೂ ಅನ್ನಿಸಿತ್ತು. ಆದರೆ ಒಂದು ವಾರ ಗಮನಿಸಿದ ಮೇಲೆ ಗೊತ್ತಾಗಿದ್ದೇ ಬೇರೆ: ಬ್ಯಾಕಪ್ಪಿನ ಹಾರ್ಡ್‌ಡಿಸ್ಕ್ ಹಾಕಿದಾಗ ಮಾತ್ರ ಈ ಕುಂಟಾಟ. ಅದು ಯುಎಸ್‌ಬಿ 3.0 ಡಿಸ್ಕ್, ರಿಸೀವರಿನ ಪಕ್ಕದ ಪೋರ್ಟಿನಲ್ಲೇ ಇತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ಪ್ರಬಂಧ ಪ್ರಕಟಿಸಿತ್ತು. ನಮ್ಮ ಮೌಸು ಮಾತಾಡುವುದೂ ಅದೇ ಪಟ್ಟಿಯಲ್ಲಿ. ಸಂತೆಯ ನಡುವೆ ನಿಂತು ಪಿಸುಗುಟ್ಟಿದ ಹಾಗೆ. ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಕೀಬೋರ್ಡಿನ ಹತ್ತಿರಕ್ಕೆ ಎಳೆದೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯಿತು.

ಉಳಿದ ಕಾಲು ಪಾಲು: ಸ್ವಲ್ಪ ಹೊತ್ತು ಕೈ ಬಿಟ್ಟರೆ ಮೌಸು ಏಳಲು ತಡಮಾಡುತ್ತಿತ್ತು. ಕಾರಣ ಲಿನಕ್ಸಿನ ತಿರುಳಾದ ಕರ್ನಲ್ಲಿನ ಆಟೋಸಸ್ಪೆಂಡ್: ಕೆಲಸವಿಲ್ಲದ ಸಾಧನವನ್ನು ವಿದ್ಯುತ್ ಉಳಿಸಲು ಮಲಗಿಸುವ ಏರ್ಪಾಡು. ಆ ರಿಸೀವರಿನ 'ಪವರ್/ಕಂಟ್ರೋಲ್' ಫೈಲಿನಲ್ಲಿ 'ಆಟೋ' ಎಂದಿದ್ದುದನ್ನು 'ಆನ್' ಮಾಡಿದೆ. ರೀಬೂಟ್ ಆದರೂ ಹಾಗೇ ಇರಲೆಂದು ಒಂದು ಯುಡೆವ್ ನಿಯಮ (ಸಾಧನ ಕಂಡೊಡನೆ ಲಿನಕ್ಸ್ ತಾನೇ ಪಾಲಿಸುವ ಸೂಚನೆ) ಬರೆದಿಟ್ಟೆ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಹುಡುಕಾಟದಲ್ಲಿ 'ಮೌಸ್‌ಜಾಕ್' ಕಣ್ಣಿಗೆ ಬಿದ್ದಿತ್ತು. 2016ರಲ್ಲಿ ಬಾಸ್ಟಿಲ್ ಸಂಸ್ಥೆಯ ಸಂಶೋಧಕರು ಬಯಲು ಮಾಡಿದ ದೋಷ ಅದು, ಹಲವು ಕಂಪನಿಗಳ ರಿಸೀವರುಗಳಲ್ಲಿತ್ತು. ದೂರದಲ್ಲಿ ಕೂತವರು ಅಗ್ಗದ ರೇಡಿಯೋ ಡಾಂಗಲಿನಿಂದ ನಮ್ಮ ರಿಸೀವರಿಗೆ ಸುಳ್ಳು ಕೀಲಿಯೊತ್ತುಗಳನ್ನು ಕಳಿಸಬಹುದು, ಕಂಪ್ಯೂಟರು ನಾವೇ ಟೈಪು ಮಾಡಿದೆವೆಂದು ನಂಬುತ್ತದೆ. ಮದ್ದು ಇದ್ದದ್ದು ಫರ್ಮ್‌ವೇರಿನಲ್ಲಿ. ಲಿನಕ್ಸಿನಲ್ಲಿ ಅದಕ್ಕೆ ಎಫ್-ಡಬ್ಲ್ಯೂ-ಯು-ಪಿ-ಡಿ ಎಂಬ, ನಾಲಿಗೆ ಹೊರಳದ ಹೆಸರಿನ ಸಾಧನವಿದೆ. ರೆಡ್‌ಹ್ಯಾಟ್ ಕಂಪನಿಯ ರಿಚರ್ಡ್ ಹ್ಯೂಸ್ ಶುರುಮಾಡಿದ್ದು. ಕಂಪನಿಗಳು ಎಲ್‌ವಿಎಫ್‌ಎಸ್ ಎಂಬ ಸಾಮಾನ್ಯ ಉಗ್ರಾಣಕ್ಕೆ ಫರ್ಮ್‌ವೇರ್ ಹಾಕುತ್ತವೆ, ಇದು ಅಲ್ಲಿಂದ ಇಳಿಸಿ ಡಿಜಿಟಲ್ ಸಹಿ ಪರಿಶೀಲಿಸಿ ಸಾಧನಕ್ಕೆ ಬರೆಯುತ್ತದೆ. ಮೊದಲು 'ರಿಫ್ರೆಶ್', ಆಮೇಲೆ 'ಗೆಟ್-ಅಪ್‌ಡೇಟ್ಸ್' ಕೊಟ್ಟೆ. ನನ್ನ ರಿಸೀವರಿಗೆ ಹೊಸ ಆವೃತ್ತಿ ಕಾಯುತ್ತಿತ್ತು.

'ಅಪ್‌ಡೇಟ್' ಕೊಟ್ಟೆ. ಕೆಲಸ ಎಷ್ಟಾಯಿತೆಂದು ತೋರಿಸುವ ಗೆರೆ ಅರ್ಧ ದಾಟಿರಬೇಕು, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ನಾಳೆ ನಾಡಿದ್ದು ಅಂತ ತಳ್ಳಿದ್ದು ನಾನೇ.

ಕರೆಂಟು ಬಂದ ಮೇಲೆ ಯಂತ್ರವೇನೋ ಎದ್ದಿತು, ಮೌಸು ಏಳಲಿಲ್ಲ. ಡೆಸ್ಕ್‌ಟಾಪಾದ್ದರಿಂದ ಟಚ್‌ಪ್ಯಾಡಿನ ಆಸರೆಯೂ ಇಲ್ಲ. ಕಂಟ್ರೋಲ್-ಆಲ್ಟ್-ಟಿ ಒತ್ತಿ ಟರ್ಮಿನಲ್ ತೆರೆದು, ಯುಎಸ್‌ಬಿ ಸಾಧನಗಳ ಪಟ್ಟಿ ನೋಡಿದೆ. ರಿಸೀವರು ಅಲ್ಲಿತ್ತು! ಕಂಪನಿಯ ಸಂಖ್ಯೆ ಅದೇ, ಉತ್ಪನ್ನದ ಸಂಖ್ಯೆ ಮಾತ್ರ ಬೇರೆ. ಅಂದರೆ ಅದು ಬೂಟ್‌ಲೋಡರ್ (ಫರ್ಮ್‌ವೇರನ್ನು ತುಂಬಿಸಿಕೊಂಡು ಎಬ್ಬಿಸುವ ಪುಟ್ಟ ತಂತ್ರಾಂಶ) ಸ್ಥಿತಿಯಲ್ಲಿ ಕೂತಿತ್ತು. ಬೂಟ್‌ಲೋಡರ್ ಇರುವ ಜಾಗವನ್ನು ಅಪ್‌ಡೇಟು ಮುಟ್ಟಿರಲಿಲ್ಲ. ಉಳಿದದ್ದು ಅಳಿಸಿ ಹೋಗಿದ್ದರೂ 'ಫರ್ಮ್‌ವೇರ್ ಕೊಡಿ' ಎಂದು ಕೇಳುವಷ್ಟು ಜೀವ ಅದಕ್ಕಿತ್ತು.

'ಗೆಟ್-ಡಿವೈಸಸ್' ಕೊಟ್ಟರೆ ಹೆಸರಿನ ಜೊತೆ 'ಬೂಟ್‌ಲೋಡರ್' ಎಂದೇ ತೋರಿಸಿತು. ಮತ್ತೆ 'ಅಪ್‌ಡೇಟ್' ಕೊಡುವ ಮುಂಚೆ ಪಕ್ಕದ ಮನೆಯ ಇನ್ವರ್ಟರಿನಿಂದ ಕಿಟಕಿಯಲ್ಲಿ ಒಂದು ವೈರ್ ಎಳೆದುಕೊಂಡೆ. ಈ ಸಲ ಗೆರೆ ಕೊನೆ ಮುಟ್ಟಿತು. ಮೌಸು ಆಗಲೂ ಅಲುಗಲಿಲ್ಲ. ಎದೆ ಧಸಕ್ಕೆಂದಿತು. ರಿಸೀವರನ್ನು ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದೆ. ಕರ್ಸರ್ ಓಡಿತು. ಮೌಸಿನ ಜೋಡಣೆಯನ್ನೂ ಅದು ಮರೆತಿರಲಿಲ್ಲ.

ಮಾರನೇ ದಿನ ಪೇಟೆಗೆ ಹೋಗಿ ಯುಪಿಎಸ್ ಬ್ಯಾಟರಿ ತಂದೆ, ಜೊತೆಗೊಂದು ವೈರಿನ ಮೌಸು.